ಒಂದು ಗುಂಜಿ ಹೆಚ್ಚು

ತಂಬೂರ, ತಾಲೂಕು ಕಲಘಟಗಿ
14 ಜುಲೈ 2024

ರುಬಿಯಾ ಅಕ್ಕೋರಿಗೆ, ರಿಟೈರ್ ಆದ ಪೋಸ್ಟಮನ್ ಹೊಳೆಪ್ಪನ ನಮಸ್ಕಾರ.

ನಿಮ್ಮ ಪತ್ರ ಮುಟ್ಟಿತು. ಪತ್ರ ಬರೆದದ್ದು ಚಲೋ ಮಾಡಿದಿರಿ. ನನ್ನ ಎರಡೂ ಕಿವಿ ಈಗ ಪೂರ್ತಿ ಮುಚ್ಚಿದ ಅಂಗಡಿ. ಫೋನ್ ಹಚ್ಚಿದರೆ ಒಳಗೆ ಜೀರುಂಡೆ ಕೂಗಿದಂತೆ ಆಗುತ್ತದೆ, ಮಾತು ಒಂದೂ ತಿಳಿಯುವುದಿಲ್ಲ. ಮನೆಯಾಕೆ ರೇವವ್ವ ಫೋನ್ ಹಿಡಿದು ಕೇಳಿ, ಆಮೇಲೆ ನನ್ನ ಕಿವಿಯಲ್ಲಿ ಒದರುತ್ತಾಳೆ. ಓಣಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯುತ್ತದೆ.

ಡಬ್ಬಿ ನೋಡಿ ಬರಲು ಬರೆದಿದ್ದಿರಿ. ನೀವೂ ನಿಮ್ಮ ತಮ್ಮ ಸರ್ಫರಾಜನೂ ಏಳು ವರ್ಷದ ಹಿಂದೆ ಕೆರೆ ಏರಿಯ ಹುಣಸೆ ಗಿಡದ ಪೊಟರೆಯಲ್ಲಿ ಇಟ್ಟ ಡಬ್ಬಿ ಇನ್ನೂ ಅಲ್ಲೇ ಇದೆ. ಮೊದಲ ಸಲ ಅದನ್ನು ಕಂಡಾಗ, ಇಲಾಖೆಗೆ ಹೇಳದೆ ಕೇಳದೆ ಯಾರೋ ಟಪಾಲು ಡಬ್ಬಿ ಕೂಡಿಸಿದ್ದಾರೆಂದು ನಾನು ಕೂಗಾಡಿದ್ದೆ, ನೆನಪಿರಬೇಕು. ಮೊಬೈಲಿನಲ್ಲಿ ಉಪಗ್ರಹದ ಅಂಕಿ ಹಿಡಿದು ಜನ ಬರುವುದು, ಅಡಗಿಸಿದ ಡಬ್ಬಿ ಹುಡುಕುವುದು, ಒಳಗಿನದೊಂದು ತೆಗೆದುಕೊಂಡು ತಮ್ಮದೊಂದು ಇಟ್ಟು, ನೋಟಬುಕ್ಕಿನಲ್ಲಿ ಹೆಸರು ಬರೆದು ಹೋಗುವುದು, ಇದಕ್ಕೆ ಜಿಯೋಕ್ಯಾಶ್ ಎನ್ನುತ್ತಾರೆಂದು ನೀವು ಶಾಲೆಯಲ್ಲಿ ಭೂಗೋಳದ ಪಾಠ ಹೇಳಿದಂತೆ ಹೇಳಿದ್ದಿರಿ. ನಾನು ಅದಕ್ಕೆ ಡಬ್ಬಿ ಆಟ ಎಂದೇ ಹೆಸರಿಟ್ಟೆ.

ಆದರೆ ಅಕ್ಕೋರೇ, ಒಳಗೇನಿದೆ ಎಂದು ಬರೆಯಲು ನಾಚಿಕೆ. ಹಿಂದೆ ಅದರಲ್ಲಿ ಹಿತ್ತಾಳೆಯ ಗೆಜ್ಜೆ ಇತ್ತು, ಯಾವುದೋ ದೇಶದ ತೂತಿನ ನಾಣ್ಯ ಇತ್ತು, ಕೇರಳದ ಗಂಡಹೆಂಡತಿ ಇಟ್ಟುಹೋದ ಮರದ ಆನೆ ಇತ್ತು. ನಿಮ್ಮ ತಮ್ಮ ಅರಗಿನ ಬಣ್ಣ ಹಾಕಿದ ಬುಗುರಿ ಇತ್ತು. ಅವೆಲ್ಲ ಒಂದೊಂದಾಗಿ ಹೋದವು. ಅವುಗಳ ಬದಲಿಗೆ ಬಂದದ್ದು ಖಾಲಿ ಶಾಂಪೂ ಪ್ಯಾಕೆಟ್, ರೀಫಿಲ್ ಇಲ್ಲದ ಪೆನ್ನು, ಕಾಲು ಮುರಿದ ಪ್ಲಾಸ್ಟಿಕ್ ಕುದುರೆ, ಹುಬ್ಬಳ್ಳಿ ಬಸ್ಸಿನ ಟಿಕೆಟ್. ಒಬ್ಬ ಪುಣ್ಯಾತ್ಮ ಗುಟಕಾ ಚೀಟಿ ಮಡಚಿ ಇಟ್ಟಿದ್ದಾನೆ! ಕುರಿ ಕಾಯುವ ಮರೆವ್ವ ಮಾತ್ರ, ಯಾವುದೋ ದೇವರ ಡಬ್ಬಿ ಎಂದು ತಿಳಿದು, ಕೈಮುಗಿದು ಅಚ್ಚಬೆಲ್ಲದ ಹೆಂಟೆ ಇಟ್ಟಿದ್ದಳು. ಬೆಲ್ಲಕ್ಕೆ ಇರುವೆ ಬಂದು ನೋಟಬುಕ್ಕಿನ ತುಂಬ ಓಡಾಡಿದ್ದವು. ಒಳ್ಳೆಯ ಮನಸ್ಸಿನಿಂದ ಇಟ್ಟವಳು ಅವಳೊಬ್ಬಳೇ, ಡಬ್ಬಿ ಹೆಚ್ಚು ಕೆಟ್ಟದ್ದೂ ಅವಳಿಂದಲೇ.

ಒರೆಸಿ, ಬಿಸಿಲಿಗೆ ಇಟ್ಟು, ತಿರುಗಿ ಇಟ್ಟು ಬಂದಿದ್ದೇನೆ. ಹೇಳಿದ ಕೆಲಸ ಮಾಡಿದ್ದೇನೆ. ಮೂವತ್ತನಾಲ್ಕು ವರ್ಷ ಟಪಾಲು ಹಂಚಿದೆ, ಒಂದನ್ನೂ ತಪ್ಪು ಬಾಗಿಲಿಗೆ ಹಾಕಿದವನಲ್ಲ.

ನಿಮ್ಮ ವಿಶ್ವಾಸಿ,
ಹೊಳೆಪ್ಪ


ಶಹಾಪುರ
25 ಜುಲೈ 2024

ಹೊಳೆಪ್ಪ ಕಾಕಾ,

ಈ ಪತ್ರದ ಜೊತೆ ರಜಿಸ್ಟರ್ ಪಾರ್ಸಲಿನಲ್ಲಿ ಒಂದು ಕೈಗಡಿಯಾರ ಕಳಿಸಿದ್ದೇನೆ. ನಮ್ಮ ಅಬ್ಬಾನದು. ಕೀಲಿ ಕೊಡುವ ವಾಚು. ಅದನ್ನು ಡಬ್ಬಿಯಲ್ಲಿ ಇಡಬೇಕು. ಹುಚ್ಚಿ ಎನ್ನುತ್ತೀರಿ, ಅನ್ನಿರಿ.

ನಿಮಗೆ ಪೂರ್ತಿ ಸಂಗತಿ ನಾನು ಹೇಳಿಯೇ ಇಲ್ಲ. ಸರ್ಫರಾಜ ಕೆಲಸಕ್ಕೆಂದು ಊರು ಬಿಟ್ಟ ಎಂದಿದ್ದೆ. ಸುಳ್ಳು. ಅಬ್ಬಾ ತೀರಿದ ನಲವತ್ತನೆಯ ದಿನ ವಾಚು ಕಾಣಲಿಲ್ಲ. ನಾನು ಅವನ ಮೇಲೆ ಹಾಕಿದೆ. "ಅಬ್ಬಾನ ವಾಚ್ ಮಾರಿ ತಿಂದಿಯಲ್ಲೋ, ಮನಿ ಕೀಲಿಕೈ ಇಟ್ಟು ಹೊಂಟು ಹೋಗು" ಎಂದೆ. ಬಂದವರೆಲ್ಲ ಇನ್ನೂ ಕುಳಿತಿದ್ದರು. ಅವನು ಒಂದೇ ಮಾತು ಅಂದ. "ಹೋಗ್ತೀನಿ. ಕೀಲಿಕೈ ಇಡಂಗಿಲ್ಲ. ನನ್ನ ಮನಿನೂ ಹೌದು ಇದು." ಅಷ್ಟಂದು ಹೋದ. ಎಂಟು ತಿಂಗಳ ಮೇಲೆ ಅಬ್ಬಾನ ಶೇರವಾನಿ ಒಗೆಯಲು ತೆಗೆದರೆ ಒಳಜೇಬಿನಲ್ಲಿ ವಾಚು.

ಅವನ ಫೋನ್ ನಂಬರು ಬದಲಾಗಿದೆ. ಆಟದ ಆ್ಯಪಿನಲ್ಲಿ ಬರೆದರೆ ಓದುವುದಿಲ್ಲ. ಆದರೆ ಆಟ ಬಿಟ್ಟಿಲ್ಲ ಕಾಕಾ! ಅವನು ಎಲ್ಲಿ ಯಾವ ಡಬ್ಬಿ ಹುಡುಕಿದ ಎಂಬುದು ಅವನ ಹೆಸರಿನ ಕೆಳಗೆ ನನಗೆ ಕಾಣುತ್ತದೆ. ಅವನು ಬದುಕಿದ್ದಾನೆ ಎಂದು ನನಗೆ ತಿಳಿಯುವುದು ಅದೊಂದರಿಂದಲೇ. ಎರಡು ವರ್ಷ ಪುಣೆಯ ಆಚೆ ಇದ್ದ. ಮೇ ತಿಂಗಳಿಗೆ ಕೊಲ್ಹಾಪುರ. ಎಲ್ಲ ಕಡೆ ಬರೆಯುವುದು ಒಂದೇ: "ಒಳಗೆ ಬರೀ ಕಸ." ಗೊತ್ತಲ್ಲ ಅವನ ಕಾಯಿದೆ? ತಗೊಂಡದ್ದಕ್ಕಿಂತ ಒಂದು ಗುಂಜಿ ತೂಕದಷ್ಟಾದರೂ ಹೆಚ್ಚಿನದನ್ನು ಇಡಬೇಕು. ಅದಕ್ಕಾಗಿ ಕಲಘಟಗಿಯ ತೊಟ್ಟಿಲು ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಕುಳಿತು ಬುಗುರಿ, ಗಿಳಿ ಮಾಡುತ್ತಿದ್ದ. ಬೇರೆಯವರು ಟಿಕೆಟ್ ಇಟ್ಟರೆ ಮೂರು ದಿನ ಅವನಿಗೆ ಸಿಟ್ಟು ಇಳಿಯುತ್ತಿರಲಿಲ್ಲ.

ಅವನು ತಂಬೂರಿನ ಡಬ್ಬಿಗೆ ಬಂದೇ ಬರುತ್ತಾನೆ. ಮನೆಗೆ ಬರುವುದಿಲ್ಲ, ಡಬ್ಬಿಗೆ ಬರುತ್ತಾನೆ. ವಾಚು ಕಂಡರೆ ಅವನಿಗೆ ತಿಳಿಯುತ್ತದೆ. ಜೊತೆಗೆ ಒಂದು ಸಾಲು ಬರೆದಿಡೋಣವೆಂದು ಕುಳಿತೆ. ತಪ್ಪಾಯಿತು ಎಂದು ತಮ್ಮನಿಗೆ ಬರೆಯಲು ಕೈ ಏಳಲಿಲ್ಲ. ವಾಚೇ ಹೇಳಲಿ.

ನೌಕರಿಗೆಂದು ಶಹಾಪುರಕ್ಕೆ ಬಂದರೂ ಕಲಘಟಗಿಯ ಮನೆಯ ಕೀಲಿಯನ್ನು ನಾನು ಬದಲಿಸಿಲ್ಲ. ಒಂದು ಕೀಲಿಕೈ ನನ್ನ ಬಳಿ, ಒಂದು ಅವನ ಬಳಿ. ಅದು ಅವನ ಕಿಸೆಯಲ್ಲಿ ಇರುವ ತನಕ ನನಗೆ ಧೈರ್ಯ.

ನಿಮ್ಮ,
ರುಬಿಯಾ


ತಂಬೂರ
8 ಆಗಸ್ಟ್ 2024

ಅಕ್ಕೋರೇ,

ವಾಚು ಬಂತು. ಸಹಿ ಮಾಡಿ ಬಿಡಿಸಿಕೊಂಡೆ. ಸಹಿ ಮಾಡಿಸಿಕೊಂಡೇ ಜೀವ ಸವೆದವನು ನಾನು, ಈಗ ನಾನೇ ಸಹಿ ಮಾಡುವುದು ಎಂಥದೋ ಅನಿಸಿತು. ಕೀಲಿ ಕೊಟ್ಟು ಕಿವಿಗೆ ಹಿಡಿದೆ. ಕೇಳಲಿಲ್ಲ. ಗದ್ದಕ್ಕೆ ಒತ್ತಿ ಹಿಡಿದರೆ ಟಿಕ್ ಟಿಕ್ ಅನ್ನುವುದು ಎಲುಬಿಗೆ ತಿಳಿಯಿತು.

ಹೋದ ವಾರ ಸೋಮವಾರ ಡಬ್ಬಿಯಲ್ಲಿ ಇಟ್ಟೆ. ಇಟ್ಟು ಬರಲು ಕಾಲು ಏಳಲಿಲ್ಲ. ಆ ಗುಟಕಾ ಚೀಟಿ, ಮುರಿದ ಕುದುರೆಗಳ ನಡುವೆ ನಿಮ್ಮ ತಂದೆ ಮಾಬುಸಾಬರ ವಾಚು! ಅವರು ಆ ವಾಚು ನೋಡಿ, "ಹೊಳೆಪ್ಪಾ, ನಾಕ ಮಿನಿಟ ಲೇಟಾಗಿ ಬಂದಿ ನೋಡು" ಎಂದು ನನ್ನನ್ನು ಕಾಡಿದವರು. ಈಗ ದಿನಾ ಹೋಗಿ ನೋಡುತ್ತೇನೆ. ಶನಿವಾರ ಇಬ್ಬರು ಬೈಕಿನ ಮೇಲೆ ಬಂದರು. ಒಬ್ಬ ವಾಚು ಎತ್ತಿ ಕೈಯಲ್ಲಿ ಹೊರಳಿಸಿ ನೋಡಿದ. ನಾನು ಏರಿ ಮೇಲಿಂದಲೇ ಒದರಿದೆ.

"ಏ ತಮ್ಮಾ, ಇಡು ಅದನ್ನ! ಹೆಸರು ಇದ್ದದ್ದು ಐತಿ ಅದು!"

ಅವನು ಏನೋ ಅಂದ. ನನಗೆ ಕೇಳಲಿಲ್ಲ. ತುಟಿ ನೋಡಿದರೆ, "ಆಟದಾಗ ಹೆಸರೆಲ್ಲಿಂದು ಅಜ್ಜಾ" ಎಂದಂತಿತ್ತು. ನಕ್ಕು, ಇಟ್ಟು ಹೋದರು. ಅವರು ಹೋದ ಮೇಲೆ ಡಬ್ಬಿ ತೆಗೆದು, ವಾಚು ಇದೆಯೇ ಎಂದು ಎರಡು ಸಲ ನೋಡಿದೆ.

ಹೊಳೆಪ್ಪ


ಶಹಾಪುರ
22 ಆಗಸ್ಟ್ 2024

ಕಾಕಾ,

ನಿಮಗೆ ಕೈಮುಗಿಯುತ್ತೇನೆ, ಯಾರನ್ನೂ ತಡೆಯಬೇಡಿರಿ. ಆ ಹುಡುಗ ಹೇಳಿದ್ದು ಸರಿ. ಆಟದಲ್ಲಿ ಯಾರ ಹೆಸರೂ ಇಲ್ಲ. ವಾಚು ತೆಗೆದುಕೊಂಡು ಶಾಂಪೂ ಪ್ಯಾಕೆಟ್ ಇಟ್ಟರೂ ನಾನು ಅವರ ಮೇಲೆ ಸಿಟ್ಟಾಗುವಂತಿಲ್ಲ. ಡಬ್ಬಿ ಇಟ್ಟವರು ನಾವು, ಅದರೊಳಗಿನದು ನಮ್ಮದಲ್ಲ. ಇದನ್ನು ಸರ್ಫರಾಜನೇ ನನಗೆ ಹೇಳಿಕೊಟ್ಟದ್ದು.

ಅವನು ನಿಪ್ಪಾಣಿಗೆ ಬಂದಿದ್ದಾನೆ. ಹದಿನೈದನೆಯ ತಾರೀಖಿನಂದು ಅಲ್ಲಿ ಒಂದು ಡಬ್ಬಿ ಹುಡುಕಿದ. ನಕಾಶೆ ತೆಗೆದು ಬೆರಳಿನಿಂದ ಅಳೆದೆ. ಏಳನೆಯ ಇಯತ್ತೆಯ ಹುಡುಗಿಯರು, "ಅಕ್ಕೋರ, ಏನ್ ಹುಡಕಾಕತ್ತೀರಿ?" ಎಂದು ಕೇಳಿದರು. ಏನಿಲ್ಲವೇ ಎಂದೆ. ಬರೀ ಕಾಯುವುದು ಬಿಟ್ಟರೆ ನನಗೆ ಬೇರೆ ಏನು ಮಾಡಲು ಬರುತ್ತದೆ ಹೇಳಿರಿ.

ರುಬಿಯಾ


ತಂಬೂರ
3 ಅಕ್ಟೋಬರ್ 2024

ಅಕ್ಕೋರೇ,

ಒಂದು ಕೆಲಸ ಮಾಡಿದ್ದೇನೆ. ಇದನ್ನು ರೇವವ್ವನ ಬಾಯಿಂದ ಫೋನಿನಲ್ಲಿ ಹೇಳಿಸಿದರೆ ಅರ್ಧಂಬರ್ಧ ಆಗುತ್ತದೆಂದು ಬರೆಯುತ್ತಿದ್ದೇನೆ.

ಮಳೆ ನಿಂತು ಕೆರೆಗೆ ಜನವೋ ಜನ. ಭಾನುವಾರ ಒಬ್ಬಾಕೆ ವಾಚನ್ನು ಕೈಗೆ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡಳು. ನೀವು ಹೇಳಿದಂತೆ ಸುಮ್ಮನೆ ನಿಂತೆ. ಬಿಚ್ಚಿ ಇಟ್ಟು ಹೋದಳು, ಅವಳ ಪುಣ್ಯ. ಆದರೆ ನನಗೆ ಆ ದಿನ ಊಟ ಸೇರಲಿಲ್ಲ. ವಾರಸುದಾರ ಸಿಗದಿದ್ದರೆ ರಜಿಸ್ಟರ್ ಟಪಾಲನ್ನು ಅಂಗಳದಲ್ಲಿ ಒಗೆದು ಬರುತ್ತೇವೆಯೇ? ಇಲ್ಲ. ತಿರುಗಿ ತಂದು ಜೋಪಾನ ಮಾಡುತ್ತೇವೆ, ಬಾಗಿಲಲ್ಲಿ ಚೀಟಿ ಬಿಟ್ಟು ಬರುತ್ತೇವೆ. ಹಾಗೇ ಮಾಡಿದೆ. ವಾಚು ನನ್ನ ಮನೆಯ ಗಲ್ಲೆ ಪೆಟ್ಟಿಗೆಯಲ್ಲಿ ಕೀಲಿ ಹಾಕಿ ಇಟ್ಟಿದ್ದೇನೆ. ಡಬ್ಬಿಯಲ್ಲಿ ಚೀಟಿ: "ಸರ್ಫರಾಜ ಮಾಬುಸಾಬ ಇವರಿಗೆ. ತಮ್ಮ ಹೆಸರಿಗೆ ಒಂದು ವಸ್ತು ಬಂದಿರುತ್ತದೆ. ಹೊಳೆಪ್ಪನ ಮನೆಗೆ ಬಂದು ಬಿಡಿಸಿಕೊಳ್ಳತಕ್ಕದ್ದು."

ರೇವವ್ವ ಬೈದಳು. "ಮಂದಿ ಡಬ್ಬಿಯಾಗಿಂದ ತಗೊಂಡು ಬರೇದು ಇಟ್ಟು ಬಂದ್ರೇನು? ಬಾಜು ಮನಿ ಡಬ್ಬಿ ಹೊಳ್ಳಿ ಕೊಡೂಮುಂದೂ ನಾಕ ಕಾಳು ಸಕ್ಕರಿ ಹಾಕಿ ಕೊಡ್ತೀವಿ. ಏನರ ಇಟ್ಟು ಬರ್ರಿ."

ಆಕೆ ಹೇಳುವುದೂ ಖರೆ. ಮರುದಿನ ಔಷಧಿಗೆ ಕಲಘಟಗಿಗೆ ಹೋದಾಗ ಸಂಗನಬಸವನ ತೊಟ್ಟಿಲು ಅಂಗಡಿಗೆ ಹೋದೆ. ಸರ್ಫರಾಜ ಕೆಲಸ ಕಲಿತದ್ದು ಅವನಲ್ಲೇ ಅಲ್ಲವೇ. ನಾನು ಡಬ್ಬಿಯ ಮಾತು ತೆಗೆದೊಡನೆ ಅವನು ಹಣೆ ಬಡಿದುಕೊಂಡು, ಸಾಮಾನಿನ ಹಿಂದಿನಿಂದ ಒಂದು ಗಿಳಿ ತೆಗೆದ. ಹೆಬ್ಬೆರಳಷ್ಟು. ಹಸಿರು ಮೈ, ಒಂದು ರೆಕ್ಕೆ ಹಸಿರು, ಇನ್ನೊಂದು ಹಳದಿ. ನನಗೆ ಕೇಳುವುದಿಲ್ಲವೆಂದು ರಟ್ಟಿನ ಮೇಲೆ ಬರೆದು ತೋರಿಸಿದ: "ಸರ್ಫ್ಯಾ ಊರು ಬಿಡೂ ದಿನ ಇಟ್ಟು ಹೋದ. ಅಕ್ಕಗ, ಆಪಾಗ ಕೊಡ್ರಿ ಅಂದಿದ್ದ. ನಾ ಹಾಳಾದವ ಮರತೆ. ನೀವಽ ಮುಟ್ಟಸ್ರಿ."

ಮೊದಲು ನಿಮಗೆ ಪಾರ್ಸಲ್ ಮಾಡೋಣವೆಂದುಕೊಂಡೆ. ಆಮೇಲೆ ವಿಚಾರ ಮಾಡಿದೆ. ಡಬ್ಬಿ ನಿಮ್ಮದು, ನಿಮ್ಮ ಡಬ್ಬಿಯಲ್ಲಿ ಹಾಕಿದರೆ ನಿಮಗೆ ಮುಟ್ಟಿದಂತೆಯೇ. ಅವನು ಬಂದರೂ ತನ್ನ ಗಿಳಿ ನೋಡಿ ಮನಸ್ಸು ಕರಗೀತು. ದೀಪಾವಳಿ ಸೂಟಿಗೆ ಬಂದಾಗ ನೀವೇ ತೆಗೆದುಕೊಳ್ಳಿರಿ. ಏಳು ವರ್ಷದಲ್ಲಿ ಆ ಡಬ್ಬಿಗೆ ಇಷ್ಟು ಚೆಂದದ ವಸ್ತು ಬಂದಿಲ್ಲ. ಎರಡು ಟಪಾಲು ಒಮ್ಮೆಗೇ ಬಟವಾಡೆ ಮಾಡಿದ ಸಮಾಧಾನ ನನಗೆ.

ಹೊಳೆಪ್ಪ


ಶಹಾಪುರ
5 ಅಕ್ಟೋಬರ್ 2024

ಹೊಳೆಪ್ಪ ಕಾಕಾ, ಕಾಕಾ, ಕಾಕಾ!

ಅವನು ಬಂದಿದ್ದ! ಫೋನಿನಲ್ಲಿ ಹೇಳೋಣವೆಂದರೆ ರೇವವ್ವನವರ ಮುಂದೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಗದಗಿನವರು ಯಾರೋ ಡಬ್ಬಿಯ ಫೋಟೋ ಹಾಕಿದ್ದಾರೆ. ವಾಚು ಇಲ್ಲ. ಅದರ ಜಾಗದಲ್ಲಿ ಒಂದು ಗಿಳಿ. ಒಂದು ರೆಕ್ಕೆ ಹಸಿರು, ಒಂದು ಹಳದಿ! ಜಗತ್ತಿನಲ್ಲಿ ಹಾಗೆ ಬಣ್ಣ ಹಾಕುವವನು ಅವನೊಬ್ಬನೇ. ಸಣ್ಣವನಿದ್ದಾಗ ಯಾಕೋ ಹೀಗೆ ಎಂದು ಕೇಳಿದರೆ, "ಒಂದು ನಂದು, ಒಂದು ನಿಂದು" ಅನ್ನುತ್ತಿದ್ದ.

ವಾಚು ಒಯ್ದ, ಗಿಳಿ ಇಟ್ಟ. ಒಂದು ಗುಂಜಿ ಹೆಚ್ಚು. ನನ್ನನ್ನು ಮಾಫ್ ಮಾಡಿದ್ದಾನೆ ಎಂದೇ ಅರ್ಥ ಅಲ್ಲವೇ? ದಸರೆ ಸೂಟಿ ಇದ್ದರೂ ಇವತ್ತು ಶಾಲೆಯ ಕೆಲಸಕ್ಕೆ ಬಂದಿದ್ದವರಿಗೆಲ್ಲ ಪೇಡೆ ಹಂಚಿದೆ. ಏನು ವಿಶೇಷ ಎಂದರು. ತಮ್ಮ ಸಿಕ್ಕ ಎಂದೆ.

ದೀಪಾವಳಿಗೆ ಕಲಘಟಗಿಯ ಮನೆ ತೆಗೆದು ಸುಣ್ಣ ಬಳಿಸುತ್ತೇನೆ. ಅವನು ತನ್ನ ಕೀಲಿಕೈಯಿಂದ ತೆಗೆದು ಒಳಗೆ ಬರಲಿ, ನಾನು ಬಾಗಿಲು ತೆರೆಯುವುದಿಲ್ಲ.

ನಿಮ್ಮ ಮಗಳಂಥವಳು,
ರುಬಿಯಾ


ತಂಬೂರ
10 ಅಕ್ಟೋಬರ್ 2024

ಅಕ್ಕೋರೇ,

ನನ್ನ ಪತ್ರ ನಿಮಗೆ ಮುಟ್ಟಿದ್ದೂ, ನಿಮ್ಮ ಪತ್ರ ನನಗೆ ಮುಟ್ಟಿದ್ದೂ ನಿನ್ನೆ ಒಂದೇ ದಿನ. ನಿಮ್ಮದನ್ನು ಓದಿ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದೆ. ರೇವವ್ವ ಫೋನ್ ಹಿಡಿದು ಹೊರಗೆ ಬಂದು, "ವಾಚ್ ಈಗಿಂದೀಗ ಹೊಳ್ಳಿ ಇಡಬೇಕಂತ, ಅಕ್ಕೋರು ಅಳಾಕತ್ತಾರ" ಎಂದು ಒದರಿದಳು. ಚಪ್ಪಲಿ ಮೆಟ್ಟದೆ ಹೋದೆ.

ಡಬ್ಬಿ ತೆಗೆದರೆ ಗಿಳಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಕೀಲಿಕೈ ಇತ್ತು. ಹಿತ್ತಾಳೆಯದು. ಕೆಂಪು ನೂಲಿನಲ್ಲಿ ಮರದ ಮಣಿ ಪೋಣಿಸಿದ್ದು.

ನೋಟಬುಕ್ಕಿನಲ್ಲಿ ಎಂಟನೆಯ ತಾರೀಖು ಹಾಕಿ ಬರೆದಿದ್ದಾನೆ. ನನ್ನ ಮಾತು ಸೇರಿಸದೆ, ಅವನು ಬರೆದಂತೆಯೇ ಇಳಿಸುತ್ತಿದ್ದೇನೆ:

"ಆಪಾ, ಡಬ್ಬಿಯಾಗ ಕಸ ನೋಡೂದು ನನಗ ರೂಢಿ ಆಗೇತಿ. ನಾ ನಿನಗಂತ ಬಿಟ್ಟು ಹೋದ ಗಿಳಿನೂ ನೀ ಆ ಕಸದಾಗ ಒಗದೀ ಅಂತ ಅನ್ಕೊಂಡಿರಲಿಲ್ಲ. ಗಿಳಿ ಒಯ್ದೀನಿ. ಬದಲಿ ಇಟ್ಟದ್ದು ಒಂದು ಗುಂಜಿ ಹೆಚ್ಚಿಂದಽ ಐತಿ. ನೀನ ಕೇಳಿದ್ದು ಅದು."

ನನ್ನ ಚೀಟಿ ಡಬ್ಬಿಯಲ್ಲಿ ಇರಲಿಲ್ಲ. ಹುಡುಕಿದೆ. ಹತ್ತು ಹೆಜ್ಜೆ ಆಚೆ ಕಲ್ಲಿನ ಸಂದಿಯಲ್ಲಿ ಸಿಕ್ಕಿತು. ಯಾರೋ ಅದಕ್ಕೆ ಸುಣ್ಣದ ಬೆರಳು ಒರೆಸಿ ಎಸೆದಿದ್ದರು. ಆ ಡಬ್ಬಿಯಲ್ಲಿ ಇದ್ದದ್ದೆಲ್ಲ ಕಸವೇ, ಇದೂ ಒಂದು ಎಂದುಕೊಂಡಿರಬೇಕು.

ನನ್ನ ಮನೆ ಅಲ್ಲಿಂದ ಕೂಗಳತೆಯಲ್ಲಿದೆ. ಅವನು ಬಂದ ದಿನ ನಾನು ಮನೆಯಲ್ಲೇ ಇದ್ದೆ. ವಾಚಿಗೆ ಕೀಲಿ ಕೊಡುತ್ತಿದ್ದೆನೋ ಏನೋ. ಅವನಿಗೆ ಸೇರಬೇಕಾದದ್ದನ್ನು ಮನೆಯಲ್ಲಿ ಮುಚ್ಚಿಟ್ಟೆ, ನಿಮಗೆ ಸೇರಬೇಕಾದದ್ದನ್ನು ಬಯಲಲ್ಲಿ ಇಟ್ಟೆ. ಮೂವತ್ತನಾಲ್ಕು ವರ್ಷ ಎಂದು ಜಂಬ ಕೊಚ್ಚಿದ್ದೆನಲ್ಲ, ಅದನ್ನು ಮರೆತುಬಿಡಿರಿ.

ಬಸ್ ಸ್ಟ್ಯಾಂಡ್, ದೇವಿಕೊಪ್ಪದ ಕೂಡುರಸ್ತೆ, ಸಂಗನಬಸವನ ಅಂಗಡಿ, ಎಲ್ಲ ಕಡೆ ಕೇಳಿದೆ. ಯಾರೂ ನೋಡಿಲ್ಲ. ಯಾರಾದರೂ ನೋಡಿದ್ದೇವೆ ಎಂದಿದ್ದರೂ ನನಗೆ ಕೇಳಿಸಿತೋ ಇಲ್ಲವೋ. ಕೀಲಿಕೈ ಏನು ಮಾಡಲಿ?

ಹೊಳೆಪ್ಪ


ಶಹಾಪುರ
21 ಅಕ್ಟೋಬರ್ 2024

ಕಾಕಾ,

ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಮೂರು ದಿನ ನೋಡಿದೆ. ಬರಲಿಲ್ಲ. ತಪ್ಪಾಯಿತು ಎಂಬ ಒಂದು ಸಾಲು ನಾನು ಬರೆದಿಟ್ಟಿದ್ದರೆ, ಯಾರು ಏನನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಸೊಕ್ಕಿನಿಂದ, ನಾನು ಮಾಡಬೇಕಾದ ಕೆಲಸವನ್ನು ಒಂದು ವಾಚಿಗೆ ಹಚ್ಚಿದೆ.

ಆ್ಯಪಿನಲ್ಲಿ ಅವನ ಹೆಸರು ಒತ್ತಿದರೆ ಈಗ ಏನೂ ಬರುವುದಿಲ್ಲ. ಕೊಲ್ಹಾಪುರ ಇಲ್ಲ, ನಿಪ್ಪಾಣಿ ಇಲ್ಲ. ತಂಬೂರಿಗೆ ಬಂದ ಮರುದಿನವೇ ಎಲ್ಲ ಅಳಿಸಿದ್ದಾನೆ. ಇನ್ನು ಅವನು ಎಲ್ಲಿದ್ದಾನೆಂದು ನನಗೆ ತಿಳಿಯುವ ದಾರಿ ಇಲ್ಲ. ಶಾಲೆಯಲ್ಲಿ ಪೇಡೆ ತಿಂದವರು, ತಮ್ಮ ಹೇಗಿದ್ದಾನೆ ಎಂದು ಕೇಳುತ್ತಾರೆ. ಆರಾಮ ಇದ್ದಾನೆ ಅನ್ನುತ್ತೇನೆ.

ಕೀಲಿಕೈ ನನಗೆ ಕಳಿಸಬೇಡಿರಿ. ನನ್ನ ಕೈಗೆ ಬಂದರೆ ಮನೆಯ ಎರಡೂ ಕೀಲಿಕೈ ಒಂದೇ ಕಡೆ ಆಗುತ್ತವೆ. ಡಬ್ಬಿಯಲ್ಲೇ ಇಡಿರಿ, ವಾಚನ್ನೂ ಇಡಿರಿ. ಜೊತೆಗೆ ಈ ಚಿಕ್ಕ ಪತ್ರ. ಯಾರಾದರೂ ಒಯ್ದರೆ ಒಯ್ಯಲಿ.

ರುಬಿಯಾ

(ಒಳಗೆ ಮಡಚಿ ಇಟ್ಟದ್ದು)

ಸರ್ಫೂ,

ಗಿಳಿಯನ್ನು ನಾನು ಒಗೆದಿಲ್ಲ. ಅದನ್ನು ನಾನು ಕೈಯಲ್ಲಿ ಹಿಡಿದು ಕೂಡ ನೋಡಿಲ್ಲ. ವಾಚು ಅಬ್ಬಾನ ಶೇರವಾನಿಯಲ್ಲಿತ್ತು. ತಪ್ಪಾಯಿತು. ಇದನ್ನು ಅವತ್ತೇ, ಆ ಜನರ ಮುಂದೆಯೇ ಹೇಳಬೇಕಿತ್ತು. ಕೀಲಿಕೈ ತಗೊಂಡು ಹೋಗು. ಅದರ ಬದಲಿಗೆ ಏನೂ ಇಡಬೇಡ.

ನಿನ್ನ ಆಪಾ


ತಂಬೂರ
30 ಅಕ್ಟೋಬರ್ 2024

ಅಕ್ಕೋರೇ,

ನೀವು ಹೇಳಿದಂತೆ ಮಾಡಿದ್ದೇನೆ. ವಾಚಿಗೆ ಕೀಲಿ ಕೊಟ್ಟು ಇಟ್ಟೆ. ದಿನಾ ಮುಂಜಾನೆ ಹೋಗಿ ಕೊಡುತ್ತೇನೆ, ನಿಂತ ವಾಚು ಅವನಿಗೆ ಸಿಗುವುದು ಬೇಡ. ಕೀಲಿಕೈಯನ್ನು ಅದರ ಬಾಜು ಇಟ್ಟೆ. ಕಸವನ್ನೆಲ್ಲ ತೆಗೆದು ಒಲೆಗೆ ಹಾಕಿದೆ. ನಿನ್ನೆ ನೋಡಿದರೆ ಯಾರೋ ಎರಡು ಚಾಕಲೇಟಿನ ಖಾಲಿ ಕಾಗದ ಇಟ್ಟಿದ್ದರು. ಏನು ಒಯ್ದರೆಂದು ಎಲ್ಲ ಹೊರಗೆ ತೆಗೆದು ನೋಡಿದೆ. ಮರೆವ್ವ ಮತ್ತೆ ಇಟ್ಟಿದ್ದ ಬೆಲ್ಲ ಒಯ್ದಿದ್ದರು, ಅಷ್ಟೇ.

ನಿಮ್ಮ ಪತ್ರಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟಿದ್ದೇನೆ. ಮೇಲೆ ಅವನ ಹೆಸರು ಬರೆದೆ. ವಿಳಾಸ ಬರೆಯಲು ರೂಢಿಯಂತೆ ಪೆನ್ನು ಕೆಳಗೆ ಇಳಿಯಿತು, ಅಲ್ಲಿಯೇ ನಿಂತಿತು.

ಆಯುಷ್ಯವೆಲ್ಲ ಟಪಾಲು ಡಬ್ಬಿ ತೆಗೆದವನು ನಾನು, ಅಕ್ಕೋರೇ. ಹೊತ್ತಿಗೆ ಸರಿಯಾಗಿ ಹೋಗಿ ತೆಗೆಯುವವನೊಬ್ಬ ಇದ್ದಾನೆ ಎಂಬ ನಂಬಿಗೆಯ ಮೇಲೆಯೇ ಜನ ಅದರಲ್ಲಿ ಪತ್ರ ಹಾಕುತ್ತಿದ್ದರು. ತೆಗೆಯುವವರು ಯಾರೂ ಇಲ್ಲದ ಡಬ್ಬಿಗೆ ಪತ್ರ ಹಾಕಿ ಬಂದದ್ದು ಇದೇ ಮೊದಲು.

ಹೊಳೆಪ್ಪ